ಗಣಿತ ಬಿಟ್ಟು ಬಂದವರಿಗೆ ಡಿಗ್ರಿ ಗಣಿತ: ಬಿಕಾಂ, ಬಿಬಿಎ, ಬಿಎ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತಕ್ಕೆ ಕೈಮುಗಿದವರು ನಮ್ಮಲ್ಲಿ ಬೇಕಾದಷ್ಟು ಜನ. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರ ಮಾತು ಬಿಡಿ, ಕಾಮರ್ಸ್ ತಗೊಂಡವರಲ್ಲೂ ಬೇಸಿಕ್ ಮ್ಯಾಥ್ಸ್ ಬೇಡವೆಂದು ಇತಿಹಾಸ ಆರಿಸಿಕೊಂಡವರು ಕಡಿಮೆ ಇಲ್ಲ. ಅವರೇ ಮುಂದೆ ಬಿಕಾಂಗೋ ಬಿಬಿಎಗೋ ಸೇರಿ ಟೈಮ್‌ಟೇಬಲ್ ನೋಡಿದರೆ, ಗಣಿತ ಅಲ್ಲಿ ಮತ್ತೆ ಕೂತಿರುತ್ತದೆ. ಒಂದು ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಮ್ಯಾಥಮ್ಯಾಟಿಕ್ಸ್, ಇನ್ನೊಂದರಲ್ಲಿ ಕ್ವಾಂಟಿಟೇಟಿವ್ ಟೆಕ್ನಿಕ್ಸ್. ಹೆಸರು ಯಾವುದಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಇಂಜಿನಿಯರಿಂಗ್ ಹುಡುಗರಿಗೆ ಬೇಕಾಗುವ ಕ್ಯಾಲ್ಕುಲಸ್ ಇಲ್ಲಿ ಇಲ್ಲ, ಇದ್ದರೂ ಚೂರುಪಾರು. ಇರುವುದು ಶೇಕಡಾ, ಬಡ್ಡಿ, ಸರಾಸರಿ, ಒಂದಿಷ್ಟು ಸಮೀಕರಣ. ಇದರ ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: "ಯಾವುದರ ಮೇಲೆ?" ಶೇ 20 ಅಂದರೆ ಯಾವುದರ ಮೇಲೆ? ಬಡ್ಡಿ ಯಾವ ಮೊತ್ತದ ಮೇಲೆ? ಸರಾಸರಿ ಎಷ್ಟು ಜನರ ಮೇಲೆ? ಸೂತ್ರ ಬಾಯಿಪಾಠ ಮಾಡಿಯೂ ಲೆಕ್ಕ ತಪ್ಪುವವರು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗೋಣ.

ಮೊದಲನೇ ಹೆಜ್ಜೆ: ಸರಿಯಾದ ಸಿಲಬಸ್ ಹುಡುಕಿ

ಇದು ಚಿಕ್ಕ ಕೆಲಸ, ಆದರೆ ಬಿಟ್ಟರೆ ಕಷ್ಟ. ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ಡಿಗ್ರಿ ಶುರುವಾಯಿತು. 2024-25ಕ್ಕೆ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು, ಸಿಲಬಸ್‌ಗಳೂ ಬದಲಾದವು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೇ ಪ್ರಶ್ನೆಪತ್ರಿಕೆ ಕಟ್ಟಿನಲ್ಲಿ ಎರಡೂ ಕಲಸಿಕೊಂಡಿರುತ್ತವೆ. ಪತ್ರಿಕೆಯ ತಲೆಯಲ್ಲಿ ಯಾವ ಸ್ಕೀಮ್ ಅಂತ ಬರೆದಿರುತ್ತದೆ. ಅದನ್ನು ನೋಡದೆ ದುಡ್ಡು ಕೊಡಬೇಡಿ.

ಸಿಲಬಸ್ ಸಿಕ್ಕ ಮೇಲೆ ಪ್ರತಿ ಯೂನಿಟ್ ಎದುರು ಮೂರರಲ್ಲಿ ಒಂದು ಗುರುತು ಹಾಕಿ: ಗೊತ್ತು, ಮರೆತಿದೆ, ಹೊಸದು. ಕೂತು ನೋಡಿದರೆ "ಹೊಸದು" ಅನ್ನುವುದು ಒಂದೋ ಎರಡೋ ಯೂನಿಟ್ ಮಾತ್ರ. ಮಿಕ್ಕಿದ್ದೆಲ್ಲ ಹೈಸ್ಕೂಲಲ್ಲಿ ಓದಿದ್ದೇ.

ಎರಡನೇ ಹೆಜ್ಜೆ: ಹೈಸ್ಕೂಲಿನ ಬಾಕಿ ತೀರಿಸಿ

ಭಿನ್ನರಾಶಿ, ದಶಾಂಶ, ಮೈನಸ್ ಚಿಹ್ನೆ, ಆವರಣ ಬಿಡಿಸುವುದು. ಈ ನಾಲ್ಕಕ್ಕೆ ಮೊದಲ ಎರಡು ವಾರ ಮೀಸಲಿಡಿ. ಎಂಟು, ಒಂಬತ್ತನೇ ಕ್ಲಾಸಿನ ಪುಸ್ತಕ ತಂಗಿಯದೋ ಪಕ್ಕದ ಮನೆಯವರದೋ ತಗೊಂಡು ಮಾಡಿ. ನಾಚಿಕೆ ಬೇಡ. ಡಿಗ್ರಿ ಪುಸ್ತಕದಲ್ಲಿ ಈ ಭಾಗ ಎರಡೇ ಪುಟ ಇರುತ್ತದೆ, ಅದರಲ್ಲಿ ಕಲಿಯಲು ಆಗುವುದಿಲ್ಲ.

ಜೊತೆಗೆ ತ್ರೈರಾಶಿ, ಅಂದರೆ ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ. ನಮ್ಮ ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದವನು. ವ್ಯಾಪಾರದ ಲೆಕ್ಕ ಕನ್ನಡಕ್ಕೆ ಹೊಸದಲ್ಲ, ಬಿಕಾಂ ಬಂದಮೇಲೆ ಹುಟ್ಟಿದ್ದೂ ಅಲ್ಲ. ತ್ರೈರಾಶಿಯಲ್ಲಿ ಪೆನ್ನು ಎತ್ತುವ ಮೊದಲೇ ಕೇಳಬೇಕಾದ್ದು: ಉತ್ತರ ದೊಡ್ಡದಾಗಬೇಕೋ, ಚಿಕ್ಕದಾಗಬೇಕೋ? 6 ಆಳು 10 ದಿನದಲ್ಲಿ ಮುಗಿಸುವ ಕೆಲಸಕ್ಕೆ 4 ಆಳು ಬಂದರೆ ದಿನ ಜಾಸ್ತಿ ಆಗಲೇಬೇಕು ಅಲ್ವಾ? ಒಟ್ಟು ಕೆಲಸ 60 ಆಳು-ದಿನ. ಅದನ್ನು 4ರಿಂದ ಭಾಗಿಸಿದರೆ 15 ದಿನ. ಉತ್ತರ 6.67 ಬಂದರೆ ಸೂತ್ರ ತಿರುಗಾಮುರುಗಾ ಆಗಿದೆ ಅಂತ ಅಲ್ಲೇ ಗೊತ್ತಾಗಬೇಕು.

ಮೂರನೇ ಹೆಜ್ಜೆ: ಶೇಕಡಾ ಯಾವುದರ ಮೇಲೆ?

ಇಲ್ಲಿ ಅವಸರ ಮಾಡಬೇಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

100 ರೂಪಾಯಿ ಬೆಲೆ ಶೇ 20 ಏರಿ, ಆಮೇಲೆ ಶೇ 20 ಇಳಿದರೆ ಎಷ್ಟು? ಮತ್ತೆ 100 ಅಲ್ಲ, 96. ಏರಿದ್ದು 100ರ ಮೇಲೆ, ಇಳಿದದ್ದು 120ರ ಮೇಲೆ. ಬುಡ ಬದಲಾಯಿತು.

ಲಾಭದ ಲೆಕ್ಕವೂ ಹೀಗೇ. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಲಾಭ 20 ರೂಪಾಯಿ. ಕೊಂಡ ಬೆಲೆಯ ಮೇಲೆ ಅದು ಶೇ 25, ಮಾರಿದ ಬೆಲೆಯ ಮೇಲೆ ಶೇ 20. ಪ್ರಶ್ನೆಯಲ್ಲಿ "ಆನ್ ಕಾಸ್ಟ್" ಅಂತ ಇದೆಯೋ "ಆನ್ ಸೇಲ್ಸ್" ಅಂತ ಇದೆಯೋ ನೋಡಿ ಅಡಿಗೆರೆ ಹಾಕಿ. ಏನೂ ಹೇಳಿರದಿದ್ದರೆ ಕೊಂಡ ಬೆಲೆಯ ಮೇಲೆ.

ಜಿಎಸ್‌ಟಿ ಲೆಕ್ಕ ಇನ್ನೊಂದು. ಶೇ 18 ತೆರಿಗೆ ಸೇರಿ ಬಿಲ್ 1,180 ರೂಪಾಯಿ ಆಗಿದೆ. ತೆರಿಗೆ ಎಷ್ಟು? ತುಂಬ ಜನ 1,180ಕ್ಕೆ ಶೇ 18 ಹಾಕಿ 212.40 ಅಂತ ಬರೆಯುತ್ತಾರೆ. ಆದರೆ ತೆರಿಗೆ ಬಿದ್ದದ್ದು 1,180ರ ಮೇಲಲ್ಲ, ತೆರಿಗೆಗೆ ಮುಂಚಿನ ಬೆಲೆಯ ಮೇಲೆ. ಹಾಗಾಗಿ 1,180ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. 180 ರೂಪಾಯಿ. ಮುಂದೆ ಟ್ಯಾಲಿ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರ್ ಕಲಿಯುವಾಗಲೂ ಇದೇ ಬೇಕು.

ಇನ್ನು ಪೇಪರಿನಲ್ಲಿ ದಿನಾ ಬರುವ ಗೊಂದಲ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರ) ಶೇ 6.50ರಿಂದ ಶೇ 6.25ಕ್ಕೆ ಇಳಿಸಿತು. ಇಳಿದದ್ದು 0.25 ಶೇಕಡಾ ಅಂಶ, ಬ್ಯಾಂಕಿನವರ ಬಾಯಲ್ಲಿ 25 ಬೇಸಿಸ್ ಪಾಯಿಂಟ್. ಹಳೇ ದರದ ಮೇಲೆ ಲೆಕ್ಕ ಹಾಕಿದರೆ ಅದೇ ಇಳಿಕೆ ಸುಮಾರು ಶೇ 3.85. ಎರಡೂ ಸರಿ. ಯಾವುದನ್ನು ಕೇಳಿದ್ದಾರೆ ಅನ್ನುವುದೇ ಪ್ರಶ್ನೆ.

ಒಂದು ಅಭ್ಯಾಸ ಮಾಡಿಕೊಳ್ಳಿ. ಶೇಕಡಾ ಚಿಹ್ನೆ ಕಂಡ ಕಡೆಯೆಲ್ಲ ಪೆನ್ಸಿಲಿನಿಂದ ಅದರ ಪಕ್ಕ "ಇಂಥದ್ದರ ಮೇಲೆ" ಅಂತ ಬರೆಯಿರಿ. ಒಂದು ವಾರ ಹೀಗೆ ಮಾಡಿದರೆ ಆಮೇಲೆ ಬರೆಯದೆಯೂ ಕಣ್ಣಿಗೆ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಬಡ್ಡಿ, ಇಎಂಐ, ಆನ್ಯುಯಿಟಿ

ನನ್ನ ಪ್ರಕಾರ ಇಡೀ ಪೇಪರಿನಲ್ಲಿ ಬದುಕಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಭಾಗ. ಪರೀಕ್ಷೆಯಲ್ಲಿ ಚಾಯ್ಸ್‌ಗೆ ಬಿಟ್ಟುಬಿಡಬಹುದು ಅಂತ ಸೀನಿಯರ್‌ಗಳು ಹೇಳಿದರೂ ಕೇಳಬೇಡಿ.

ಸರಳ ಬಡ್ಡಿಯಲ್ಲಿ ಬಡ್ಡಿ ಯಾವಾಗಲೂ ಮೊದಲಿನ ಅಸಲಿನ ಮೇಲೆ. ಚಕ್ರಬಡ್ಡಿಯಲ್ಲಿ ಅಸಲು ಮತ್ತು ಅಲ್ಲಿಯವರೆಗೆ ಬೆಳೆದ ಬಡ್ಡಿ, ಎರಡರ ಮೇಲೂ. 10,000 ರೂಪಾಯಿಗೆ ಶೇ 8ರಂತೆ 3 ವರ್ಷಕ್ಕೆ ಸರಳ ಬಡ್ಡಿ 2,400. ಚಕ್ರಬಡ್ಡಿಯಾದರೆ 10,000ವನ್ನು 1.08ರಿಂದ ಮೂರು ಸಲ ಗುಣಿಸಿ. 12,597.12 ಬರುತ್ತದೆ, ಬಡ್ಡಿ 2,597.12.

"ಕಾಂಪೌಂಡೆಡ್ ಕ್ವಾರ್ಟರ್ಲಿ" ಅಂತ ಇದ್ದರೆ ಎರಡು ಬದಲಾವಣೆ, ಎರಡನ್ನೂ ಒಟ್ಟಿಗೆ ಮಾಡಬೇಕು. ದರವನ್ನು 4ರಿಂದ ಭಾಗಿಸಿ, ಅವಧಿಯನ್ನು 4ರಿಂದ ಗುಣಿಸಿ. ಮೇಲಿನ ಲೆಕ್ಕ ಆಗ ಶೇ 2ರಂತೆ 12 ಅವಧಿ ಆಗುತ್ತದೆ, ಮೊತ್ತ 12,682.42. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆಯುವುದು ಉತ್ತರಪತ್ರಿಕೆಗಳಲ್ಲಿ ಸದಾ ಕಾಣುವ ತಪ್ಪು.

ಊರ ಕಡೆ ಬಡ್ಡಿ ಹೇಳುವ ರೀತಿ ಬೇರೆ. "ಎರಡು ರೂಪಾಯಿ ಬಡ್ಡಿ" ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಕೇಳಲು ಹಗುರ. ವರ್ಷಕ್ಕೆ ಅದು ಶೇ 24. ತಿಂಗಳು ತಿಂಗಳು ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತಾ ಹೋದರೆ ಸುಮಾರು ಶೇ 26.8. ಮನೆಯಲ್ಲಿ ಯಾರಾದರೂ ಕೈಸಾಲ ಮಾಡಿದ್ದರೆ ಈ ಲೆಕ್ಕ ಹಾಕಿ ತೋರಿಸಿ. ಅಭ್ಯಾಸವೂ ಆಯಿತು.

ಈಗ ಇಎಂಐ, ಅಂದರೆ ಸಾಲ ತೀರಿಸಲು ತಿಂಗಳು ತಿಂಗಳು ಕಟ್ಟುವ ಒಂದೇ ಮೊತ್ತದ ಕಂತು. ಇದನ್ನು ಸೂತ್ರದಿಂದ ಶುರು ಮಾಡಬೇಡಿ, ಪಟ್ಟಿಯಿಂದ ಶುರು ಮಾಡಿ. 1 ಲಕ್ಷ ಸಾಲ, ವರ್ಷಕ್ಕೆ ಶೇ 10, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ, 12 ಕಂತು. ಕಂತು 8,791.59 ರೂಪಾಯಿ ಬರುತ್ತದೆ. ಒಳಗೆ ನಡೆಯುವುದು ಹೀಗೆ:

1ನೇ ತಿಂಗಳು: ಬಾಕಿ 1,00,000. ಬಡ್ಡಿ 833.33. ಅಸಲಿಗೆ ಹೋದದ್ದು 7,958.26. ಉಳಿದ ಬಾಕಿ 92,041.74.
2ನೇ ತಿಂಗಳು: ಬಡ್ಡಿ 767.01. ಅಸಲಿಗೆ 8,024.58. ಉಳಿದ ಬಾಕಿ 84,017.16.
3ನೇ ತಿಂಗಳು: ಬಡ್ಡಿ 700.14.

ಕಂತು ಅದೇ, ಒಳಗಿನ ಪಾಲು ಮಾತ್ರ ತಿಂಗಳು ತಿಂಗಳಿಗೂ ಬದಲಾಗುತ್ತದೆ. ಪಟ್ಟಿಯನ್ನು 12ನೇ ತಿಂಗಳವರೆಗೆ ನೀವೇ ಎಳೆಯಿರಿ. ಕೊನೆಯಲ್ಲಿ ಬಾಕಿ ಸೊನ್ನೆಗೆ ಬರಬೇಕು, ಪೈಸೆ ಲೆಕ್ಕದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಇರಬಹುದು. ವರ್ಷದ ಒಟ್ಟು ಬಡ್ಡಿ ಸುಮಾರು 5,499 ರೂಪಾಯಿ. ಎಕ್ಸೆಲ್ ಇದ್ದರೆ ಪಿಎಂಟಿ ಅನ್ನುವ ಫಂಕ್ಷನ್‌ನಲ್ಲಿ ಕಂತನ್ನು ತಾಳೆ ನೋಡಿಕೊಳ್ಳಬಹುದು.

ಅದೇ ಶೇ 10, ಆದರೆ "ಫ್ಲಾಟ್ ರೇಟ್" ಅಂದರೆ? ಆಗ ವರ್ಷಪೂರ್ತಿ ಬಡ್ಡಿ 1 ಲಕ್ಷದ ಮೇಲೇ. 10,000 ಬಡ್ಡಿ ಸೇರಿಸಿ 12ರಿಂದ ಭಾಗಿಸಿದರೆ ಕಂತು 9,166.67. ಆರು ತಿಂಗಳ ಹೊತ್ತಿಗೆ ನೀವು ಹೆಚ್ಚುಕಡಿಮೆ ಅರ್ಧ ಸಾಲ ತೀರಿಸಿರುತ್ತೀರಿ, ಆದರೂ ಬಡ್ಡಿ ಪೂರ್ತಿ ಲಕ್ಷಕ್ಕೆ ಕಟ್ಟುತ್ತಿರುತ್ತೀರಿ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಸುಮಾರು ಶೇ 18ರ ಸಾಲ. ಶೇ 10 ಅಂತ ಬೋರ್ಡು, ಶೇ 18 ಜೇಬಿಗೆ. ಗಾಡಿ ಸಾಲಕ್ಕೆ ಸಹಿ ಹಾಕುವ ಮುಂಚೆ "ಫ್ಲಾಟಾ, ರೆಡ್ಯೂಸಿಂಗಾ?" ಅಂತ ಕೇಳುವಷ್ಟು ಧೈರ್ಯ ಈ ಪೇಪರಿನಿಂದ ಬಂದರೆ ಕಾಲೇಜು ಫೀಸು ವಸೂಲಾದ ಹಾಗೇ.

ಆನ್ಯುಯಿಟಿ ಅಂದರೆ ಒಂದೇ ಅಂತರದಲ್ಲಿ ಒಂದೇ ಮೊತ್ತ ಕಟ್ಟುತ್ತಾ ಹೋಗುವುದು. ಪ್ರತಿ ವರ್ಷದ ಕೊನೆಗೆ 1,000 ರೂಪಾಯಿ, ಶೇ 10, 5 ವರ್ಷ. ಸೂತ್ರ ಮರೆತರೂ ಪರವಾಗಿಲ್ಲ, ಕಂತುಗಳನ್ನು ಸಾಲಾಗಿ ಬರೆಯಿರಿ. ಮೊದಲ ಕಂತು ಬೆಳೆಯುವುದು 4 ವರ್ಷ, 5 ಅಲ್ಲ. ಯಾಕಂದರೆ ಅದನ್ನು ಕಟ್ಟಿದ್ದೇ ಮೊದಲ ವರ್ಷದ ಕೊನೆಗೆ. ಹೀಗೆ 1,464.10, 1,331, 1,210, 1,100, ಮತ್ತು ಬೆಳೆಯಲು ಸಮಯವೇ ಇಲ್ಲದ ಕೊನೆಯ 1,000. ಕೂಡಿದರೆ 6,105.10. ವರ್ಷದ ಮೊದಲಲ್ಲೇ ಕಟ್ಟಿದ್ದರೆ ಎಲ್ಲ ಕಂತಿಗೂ ಒಂದೊಂದು ವರ್ಷ ಹೆಚ್ಚಿಗೆ ಸಿಗುತ್ತದೆ. ಇಡೀ ಮೊತ್ತವನ್ನು 1.1ರಿಂದ ಗುಣಿಸಿ, 6,715.61. ಆನ್ಯುಯಿಟಿ ಡ್ಯೂ ಅಂತ ಪುಸ್ತಕದಲ್ಲಿ ಪ್ರತ್ಯೇಕ ಸೂತ್ರ ಕೊಟ್ಟಿರುತ್ತಾರೆ, ಅದು ಇಷ್ಟೇ.

ಬಿಲ್ ಡಿಸ್ಕೌಂಟಿಂಗ್, ಅಂದರೆ ಮುಂದೆ ಬರಬೇಕಾದ ಬಿಲ್ಲಿನ ದುಡ್ಡನ್ನು ಸ್ವಲ್ಪ ಕಡಿತ ಮಾಡಿ ಬ್ಯಾಂಕಿನಿಂದ ಇವತ್ತೇ ಪಡೆಯುವುದು, ಹುಡುಗರಿಗೆ ತಲೆನೋವು. ನಮ್ಮ ಪ್ರಶ್ನೆ ಹಾಕಿದರೆ ಇದೂ ಬಿಡಿಸಿಕೊಳ್ಳುತ್ತದೆ. 3 ತಿಂಗಳ ನಂತರ ಬರುವ 10,200 ರೂಪಾಯಿ ಬಿಲ್, ದರ ಶೇ 8. ಮೂರು ತಿಂಗಳಿಗೆ ಶೇ 2. ಇವತ್ತಿನ ಬೆಲೆ 10,000, ಟ್ರೂ ಡಿಸ್ಕೌಂಟ್ 200. ಅಂದರೆ ಅದು ಇವತ್ತಿನ ಬೆಲೆಯ ಮೇಲೆ ಹಾಕಿದ ಬಡ್ಡಿ. ಬ್ಯಾಂಕು ಮಾತ್ರ ಬಿಲ್ಲಿನ ಮುಖಬೆಲೆಯ ಮೇಲೆ ಹಿಡಿಯುತ್ತದೆ. 10,200ಕ್ಕೆ ಶೇ 2, ಅಂದರೆ 204. ಎರಡರ ನಡುವಿನ 4 ರೂಪಾಯಿಯೇ ಬ್ಯಾಂಕರ್ಸ್ ಗೇನ್. 200ಕ್ಕೆ ಶೇ 2 ಹಾಕಿ ನೋಡಿ, ಅದೇ 4 ಬರುತ್ತದೆ. ಉತ್ತರ ತಾಳೆ ನೋಡಲು ಒಳ್ಳೇ ದಾರಿ.

ಐದನೇ ಹೆಜ್ಜೆ: ಸಮೀಕರಣ, ಶ್ರೇಢಿ, ಮ್ಯಾಟ್ರಿಕ್ಸ್

ಇಲ್ಲಿ ಬೇಗ ಸಾಗಬಹುದು. ಮ್ಯಾಟ್ರಿಕ್ಸ್ ಹೊಸದಾದರೂ ಯಾಂತ್ರಿಕ. ಸಾಲು, ಕಂಬಸಾಲು ನೋಡಿಕೊಂಡು ಗುಣಿಸುವುದು, ಚಿಹ್ನೆ ತಪ್ಪದಂತೆ ನೋಡಿಕೊಳ್ಳುವುದು. ಹತ್ತು ಲೆಕ್ಕ ಮಾಡಿದರೆ ಕೈ ಕೂರುತ್ತದೆ. ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವ ಗುಣೋತ್ತರ ಶ್ರೇಢಿ ಬೇರೇನಲ್ಲ, ಚಕ್ರಬಡ್ಡಿಯೇ. ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಹೋಗುವ ಸಮಾಂತರ ಶ್ರೇಢಿ ಸರಳ ಬಡ್ಡಿ.

ಸಮೀಕರಣದಲ್ಲಿ ಬ್ರೇಕ್ ಈವನ್ ಲೆಕ್ಕ ಮಾತ್ರ ಗಟ್ಟಿ ಮಾಡಿಕೊಳ್ಳಿ. ಚಹಾ ಅಂಗಡಿಗೆ ತಿಂಗಳ ಬಾಡಿಗೆ, ಸಂಬಳ ಸೇರಿ 12,000. ಒಂದು ಕಪ್ ಮಾಡಲು 7 ರೂಪಾಯಿ, ಮಾರುವುದು 12ಕ್ಕೆ. ಕಪ್ಪಿಗೆ 5 ರೂಪಾಯಿ ಉಳಿತಾಯ. 12,000ವನ್ನು 5ರಿಂದ ಭಾಗಿಸಿದರೆ 2,400 ಕಪ್. ತಿಂಗಳಿಗೆ ಅಷ್ಟು ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 12,000ವನ್ನು 12ರಿಂದ ಭಾಗಿಸಿ 1,000 ಕಪ್ ಅನ್ನುವವರು ಹಾಲು ಸಕ್ಕರೆ ಪುಕ್ಕಟೆ ಬರುತ್ತದೆ ಅಂದುಕೊಂಡಿರುತ್ತಾರೆ.

ಆರನೇ ಹೆಜ್ಜೆ: ಸರಾಸರಿ ಮತ್ತು ಸಂಭವನೀಯತೆ

ಐದು ಜನರ ತಿಂಗಳ ಸಂಬಳ 12, 14, 15, 16 ಮತ್ತು 93 ಸಾವಿರ. ಸರಾಸರಿ 30 ಸಾವಿರ. ಆದರೆ ಐವರಲ್ಲಿ ನಾಲ್ವರಿಗೆ ಅದರ ಅರ್ಧದ ಆಸುಪಾಸು ಮಾತ್ರ ಬರುತ್ತಿದೆ. ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲುವ ಸಂಬಳ, 15 ಸಾವಿರ, ನಿಜಕ್ಕೆ ಹತ್ತಿರ. ಸಂಬಳ, ಮನೆ ಬೆಲೆಯಂಥ ವಿಷಯಕ್ಕೆ ಮಧ್ಯಾಂಕವನ್ನೇ ಕೇಳಿ.

ಸರಾಸರಿಗಳ ಸರಾಸರಿ ತೆಗೆಯುವುದು ಇನ್ನೊಂದು ಗುಂಡಿ. 40 ಜನರ ಸೆಕ್ಷನ್‌ಗೆ ಸರಾಸರಿ 60 ಅಂಕ, 10 ಜನರದ್ದಕ್ಕೆ 80. ಒಟ್ಟು ಸರಾಸರಿ 70 ಅಲ್ಲ. 2,400ಕ್ಕೆ 800 ಕೂಡಿ 50ರಿಂದ ಭಾಗಿಸಿದರೆ 64. ಹೋಗುವಾಗ 60, ಬರುವಾಗ 40 ಕಿ.ಮೀ. ವೇಗವಿದ್ದರೆ ಸರಾಸರಿ ವೇಗವೂ 50 ಅಲ್ಲ. 120 ಕಿ.ಮೀ. ದೂರ ಅಂದುಕೊಳ್ಳಿ. ಹೋಗಲು 2 ಗಂಟೆ, ಬರಲು 3. 240ನ್ನು 5ರಿಂದ ಭಾಗಿಸಿದರೆ 48. ನಿಧಾನದ ವೇಗದಲ್ಲಿ ಹೆಚ್ಚು ಹೊತ್ತು ಕಳೆದಿರಿ, ಅಷ್ಟೇ.

ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ಲೆಕ್ಕಕ್ಕೆ ಕಡ್ಡಾಯವಾಗಿ ಕೋಷ್ಟಕ ಹಾಕಿ. ಸರಾಸರಿಯಿಂದ ಎಷ್ಟು ದೂರ, ಅದರ ವರ್ಗ, ಮೊತ್ತ. ದೂರಗಳನ್ನು ಕೂಡಿದಾಗ ಸೊನ್ನೆ ಬರದಿದ್ದರೆ ಅಲ್ಲೇ ನಿಲ್ಲಿಸಿ, ಮೇಲೆ ಎಲ್ಲೋ ತಪ್ಪಿದೆ.

ಸಂಭವನೀಯತೆಯಲ್ಲಿ ನಾಣ್ಯ, ದಾಳ, ಇಸ್ಪೀಟು ಸುಲಭ. ಕಂಡೀಷನಲ್ ಲೆಕ್ಕ, ಅಂದರೆ ಒಂದು ಆಗಿದೆ ಅಂತ ಗೊತ್ತಿದ್ದಾಗ ಇನ್ನೊಂದರ ಸಂಭವ ಎಷ್ಟು ಅನ್ನುವುದು, ಬಂದಾಗ ಸೂತ್ರ ಬದಿಗಿಟ್ಟು ಜನರನ್ನು ಎಣಿಸಿ. ಒಂದು ಕಾಯಿಲೆ ನೂರಕ್ಕೆ ಒಬ್ಬರಿಗಿದೆ ಅನ್ನಿ. ಟೆಸ್ಟ್ ಮಾಡಿದರೆ ಕಾಯಿಲೆ ಇರುವವರಲ್ಲಿ ಶೇ 95 ಜನರಿಗೆ ಪಾಸಿಟಿವ್ ಬರುತ್ತದೆ, ಇಲ್ಲದವರಲ್ಲೂ ಶೇ 5 ಜನರಿಗೆ ಸುಮ್ನೆ ಬರುತ್ತದೆ. 10,000 ಜನರನ್ನು ತಗೊಳ್ಳಿ. ಕಾಯಿಲೆ ಇರುವವರು 100, ಅವರಲ್ಲಿ ಪಾಸಿಟಿವ್ 95. ಇಲ್ಲದವರು 9,900, ಅವರಲ್ಲಿ ಪಾಸಿಟಿವ್ 495. ಒಟ್ಟು ಪಾಸಿಟಿವ್ 590. ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 95, ಸುಮಾರು ಶೇ 16. ಶೇ 95 ಅನ್ನುವುದು ಕಾಯಿಲೆ ಇರುವವರ ಮೇಲಿನ ಲೆಕ್ಕ, ಶೇ 16 ಅನ್ನುವುದು ಪಾಸಿಟಿವ್ ಬಂದವರ ಮೇಲಿನ ಲೆಕ್ಕ. ಪುಸ್ತಕದಲ್ಲಿ ಇದು ಬೇಯ್ಸ್ ಪ್ರಮೇಯ ಅಂತ ಅರ್ಧ ಪುಟ ಹಿಡಿಯುತ್ತದೆ.

ಬಿಎ ಓದುವವರಿಗೆ ಒಂದು ಮಾತು

ಅಮೆರಿಕದ ಕಾಲೇಜುಗಳಲ್ಲಿ ಸಾಹಿತ್ಯ, ಇತಿಹಾಸ ಓದುವವರೂ ಸಾಮಾನ್ಯವಾಗಿ ಒಂದು ಗಣಿತ ಕೋರ್ಸ್ ಮಾಡಬೇಕು. ಅಲ್ಲಿಗೆ ಹೋಗುವ ನಮ್ಮ ಮಕ್ಕಳಿಗೂ ಇದು ತಪ್ಪದು. ಅದರಲ್ಲಿ ಬಡ್ಡಿ, ಸಂಖ್ಯಾಶಾಸ್ತ್ರದ ಜೊತೆಗೆ ಮತ ಎಣಿಸುವ ವಿಧಾನ, ಸೀಟು ಹಂಚುವ ವಿಧಾನವೂ ಇರುವುದುಂಟು. ಇಲ್ಲಿ ರಾಜ್ಯಶಾಸ್ತ್ರ ಓದುವವರೂ ಇದನ್ನು ನೋಡಿಟ್ಟುಕೊಳ್ಳಬಹುದು. ಉದಾಹರಣೆ ಮನೆಯಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಕರ್ನಾಟಕದ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್‌ಗೆ 78 ಸೀಟು, ಸುಮಾರು ಶೇ 36 ಪಡೆದ ಬಿಜೆಪಿಗೆ 104. ಎಣಿಕೆಯಲ್ಲಿ ಮೋಸವೇನಿಲ್ಲ. ಶೇ 38 ಅನ್ನುವುದು ಇಡೀ ರಾಜ್ಯದ ಮತಗಳ ಮೇಲೆ, ಸೀಟು ತೀರ್ಮಾನ ಆಗುವುದು ಒಂದೊಂದು ಕ್ಷೇತ್ರದ ಮತಗಳ ಮೇಲೆ. ಒಂದು ಕಡೆ ಐವತ್ತು ಸಾವಿರದ ಅಂತರದಿಂದ ಗೆದ್ದರೂ ಸೀಟು ಒಂದೇ, ಐನೂರರ ಅಂತರದಿಂದ ಗೆದ್ದರೂ ಒಂದೇ.

ಏಳನೇ ಹೆಜ್ಜೆ: ಪರೀಕ್ಷೆಗೆ

ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ಪೆನ್ನು ಹಿಡಿದು. ಬಿಡಿಸಿದ ಲೆಕ್ಕವನ್ನು ಓದಿದರೆ ಎಲ್ಲ ಅರ್ಥ ಆದ ಹಾಗೇ ಅನಿಸುತ್ತದೆ. ಪುಸ್ತಕ ಮುಚ್ಚಿ ಅದೇ ಲೆಕ್ಕ ಮಾಡಿ, ಆಗ ಗೊತ್ತಾಗುತ್ತದೆ. ಯೂಟ್ಯೂಬ್ ಪಾಠವನ್ನೂ ಹೀಗೇ ನೋಡಬೇಕು. ಪ್ರಶ್ನೆ ಬಂದ ತಕ್ಷಣ ನಿಲ್ಲಿಸಿ, ನಿಮ್ಮದು ಮಾಡಿ, ಆಮೇಲೆ ಮುಂದೆ ಬಿಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಲೆಕ್ಕಕ್ಕಿಂತ ಪ್ರಶ್ನೆಯ ಇಂಗ್ಲಿಷ್ ಕಷ್ಟ. ಬೇಕಾದ ಮಾತು ಹತ್ತಿಪ್ಪತ್ತಕ್ಕಿಂತ ಹೆಚ್ಚಿಲ್ಲ. ಪರ್ ಆ್ಯನಮ್ ಅಂದರೆ ವರ್ಷಕ್ಕೆ. ಹಾಫ್ ಇಯರ್ಲಿ ಅಂದರೆ ಆರು ತಿಂಗಳಿಗೊಮ್ಮೆ. ಅಟ್ ಲೀಸ್ಟ್ ಟೂ ಅಂದರೆ ಎರಡು ಅಥವಾ ಹೆಚ್ಚು, ಅಟ್ ಮೋಸ್ಟ್ ಟೂ ಅಂದರೆ ಎರಡು ಅಥವಾ ಕಡಿಮೆ. ನೋಟ್ಸ್ ಪುಸ್ತಕದ ಕೊನೆಯ ಪುಟದಲ್ಲಿ ಇವನ್ನು ಬರೆದುಕೊಳ್ಳುತ್ತಾ ಹೋಗಿ.

ಉತ್ತರ ಬರೆಯುವಾಗ ಸೂತ್ರ ಒಂದು ಸಾಲು, ಬೆಲೆ ಹಾಕಿದ್ದು ಒಂದು ಸಾಲು, ಲೆಕ್ಕ, ಕೊನೆಗೆ ರೂಪಾಯಿಯೋ ಶೇಕಡಾವೋ ವರ್ಷವೋ ಸೇರಿಸಿದ ಉತ್ತರ. ಹೆಜ್ಜೆಗೂ ಅಂಕ ಇರುತ್ತದೆ, ಉತ್ತರ ತಪ್ಪಿದರೂ ಅದು ಸಿಗುತ್ತದೆ. ಮನಸ್ಸಿನಲ್ಲೇ ಲೆಕ್ಕ ಮಾಡಿ ಬರೀ ಉತ್ತರ ಬರೆಯುವ ಜಾಣರಿಗೇ ಇಲ್ಲಿ ನಷ್ಟ ಜಾಸ್ತಿ. ತಪ್ಪಿದ್ದನ್ನು ಒಂದು ಗೆರೆ ಎಳೆದು ಬಿಡಿ, ಗೀಚಬೇಡಿ.

ಕ್ಯಾಲ್ಕುಲೇಟರ್ ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸಾದಾ ಕ್ಯಾಲ್ಕುಲೇಟರ್ ಮಾತ್ರ ಒಳಗೆ ಬಿಟ್ಟು ಸೈಂಟಿಫಿಕ್ ಬಿಡದ ಕಡೆ 1.02ರ 12ನೇ ಘಾತವನ್ನು ಸಾದಾದರಲ್ಲೇ ಮಾಡಬೇಕು. 1.02ರ ವರ್ಗ, ಅದರ ವರ್ಗ, ಆಗ 4ನೇ ಘಾತ. ಮತ್ತೊಮ್ಮೆ ವರ್ಗ ಮಾಡಿದರೆ 8ನೇದು. 8ನೇದನ್ನು 4ನೇದರಿಂದ ಗುಣಿಸಿದರೆ 12. ಹನ್ನೊಂದು ಸಲ ಗುಣಿಸುವ ಬದಲು ನಾಲ್ಕೇ ಸಲ. ಪರೀಕ್ಷೆಗೆ ಹೋಗುವ ಕ್ಯಾಲ್ಕುಲೇಟರ್‌ನಲ್ಲೇ ಮನೆಯಲ್ಲೂ ಅಭ್ಯಾಸ ಮಾಡಿ, ಫೋನಿನಲ್ಲಿ ಬೇಡ. ಮಧ್ಯದ ಉತ್ತರಗಳನ್ನು ಆರು ದಶಾಂಶದವರೆಗೆ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ಪೈಸೆಗೆ ಇಳಿಸಿ.